ಒಂದೇ ಎಂಆರ್‌ಪಿ, ಹಲವು ಬೆಲೆ

ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗುವ ಗರಿಷ್ಠ ಮಾರಾಟ ಬೆಲೆಗೆ ಊರುಕೇರಿಯ ಭೇದವಿಲ್ಲ. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಎಷ್ಟೋ ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಲ್ಲೂ ಅಷ್ಟೇ. 1957ರ ಕಾಯ್ದೆಯೊಂದರ ಏರ್ಪಾಟಿನಂತೆ ರಾಜ್ಯಗಳು ತಂಬಾಕಿನ ಮೇಲಿನ ಮಾರಾಟ ತೆರಿಗೆಯನ್ನು ಬಿಟ್ಟುಕೊಟ್ಟು, ಕೇಂದ್ರದ ಹೆಚ್ಚುವರಿ ಅಬಕಾರಿ ಸುಂಕದಲ್ಲಿ ಪಾಲು ಪಡೆಯುತ್ತಿದ್ದವು. 2007ರಿಂದ ವ್ಯಾಟ್ ಹಾಕುವ ಅವಕಾಶ ಸಿಕ್ಕಿ ರಾಜ್ಯಕ್ಕೊಂದು ದರವಾಯಿತು. 2017ರ ಜುಲೈ 1ರಂದು ಬಂದ ಜಿಎಸ್‌ಟಿ ಆ ವ್ಯತ್ಯಾಸವನ್ನು ಅಳಿಸಿತು. ದೇಶಕ್ಕೆಲ್ಲ ಒಂದೇ ತೆರಿಗೆ ಎಂದಮೇಲೆ ಎಲ್ಲರಿಗೂ ಒಂದೇ ಬೆಲೆ ಎಂದು ತಿಳಿಯುವುದು ಸಹಜ. ಆದರೆ ಪ್ಯಾಕು ಕೊಳ್ಳುವವನ ಬೆಲೆ ಬೇರೆ, ಬಿಡಿ ಸಿಗರೇಟು ಕೊಳ್ಳುವವನ ಬೆಲೆ ಬೇರೆ. ಬೀಡಿ ಸೇದುವವನ ಮೇಲೆ ಬೀಳುವ ತೆರಿಗೆ ಒಂದು, ಹೊಗೆಸೊಪ್ಪು ಜಗಿಯುವವಳ ಮೇಲೆ ಬೀಳುವುದು ಇನ್ನೊಂದು. ಜನರನ್ನು ತಂಬಾಕಿನಿಂದ ದೂರ ಮಾಡುವುದು ತೆರಿಗೆಯ ಉದ್ದೇಶವಾದರೆ ಈ ಅಂತರಗಳೇ ಅದನ್ನು ಸೋಲಿಸುತ್ತಿವೆ ಎಂಬುದು ನನ್ನ ವಾದ. ಅದಕ್ಕೆ ಎದುರು ಮಾತೂ ಇದೆ, ಹಗುರವಾದದ್ದಲ್ಲ. ಹಾಗಾಗಿ ಇಬ್ಬರ ಬಾಯಲ್ಲಿ ಇಡುತ್ತೇನೆ. ಒಬ್ಬರು ಕಾಫಿ ಸೀಮೆಯ ಊರಿನ ಹಿರಿಯ ಅಂಗಡಿಯವರು. ತೋಟದ ಮಾಲೀಕ, ರೈಟರು, ಲೈನ್ ಮನೆಯ ಆಳು, ಅಸ್ಸಾಮಿನಿಂದ ಬಂದ ಕೂಲಿ ಎಲ್ಲರೂ ಬರುವುದು ಆ ಒಂದೇ ಗಲ್ಲಾದ ಮುಂದೆ. ಇನ್ನೊಬ್ಬರು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಅದೇ ಸೀಮೆಯ ಹೆಣ್ಣುಮಗಳು. ಇಬ್ಬರೂ ಮಾದರಿಗಳೇ ಹೊರತು ಇಂಥವರೆಂದು ಬೆರಳು ಮಾಡಿ ತೋರಿಸಬಹುದಾದ ವ್ಯಕ್ತಿಗಳಲ್ಲ.

ಅಂಗಡಿಯವರು: ತೆರಿಗೆ ಏರಿಸಿದರೆ ಜನ ಬಿಡ್ತಾರೆ ಅಂತ ಓದಿದೋರು ಹೇಳ್ತೀರಿ. ಬಿಡಲ್ಲ ಕಣಮ್ಮ, ಇಳೀತಾರೆ. ಉದ್ದ ಸಿಗರೇಟಿನಿಂದ ಗಿಡ್ಡದಕ್ಕೆ, ಗಿಡ್ಡದ್ದರಿಂದ ಬೀಡಿಗೆ, ಅದೂ ಕೈಗೆ ಹತ್ತದಿದ್ದರೆ ಕಡ್ಡಿಪುಡಿಗೆ. ಬಜೆಟ್ಟಿನ ಮಾರನೇ ದಿನ ತೋಟದ ಯಜಮಾನ ಅದೇ ಪ್ಯಾಕು ತಗೊಂಡು ಹೋಗ್ತಾನೆ, ಬೆಲೆ ಏರಿದ್ದು ಅವನ ಗಮನಕ್ಕೂ ಬರಲ್ಲ. ಲೆಕ್ಕ ಹಾಕೋನು ಆಳುಮಗ. ನಿಮ್ಮ ತೆರಿಗೆ ಶ್ರೀಮಂತನನ್ನ ಮುಟ್ಟಲಿಲ್ಲ, ಬಡವನ ಚಟ ಬಿಡಿಸಲಿಲ್ಲ. ಅವನ ಕೈಲಿದ್ದ ಸರಕು ಕೀಳಾಯ್ತು ಅಷ್ಟೇ.

ಉಪನ್ಯಾಸಕಿ: ಇಳಿಯೋದಕ್ಕೆ ಮೆಟ್ಟಿಲು ಕಟ್ಟಿದ್ದು ಯಾರು ಯಜಮಾನ್ರೆ? ತೆರಿಗೆ ಬರೆದೋರೇ. ಸಿಗರೇಟಿನ ಸುಂಕ ನಿಂತಿರೋದು ಉದ್ದದ ಮೇಲೆ. 2012ರ ಬಜೆಟ್ಟಲ್ಲಿ 65 ಮಿ.ಮೀ. ಮೀರದ ಫಿಲ್ಟರ್ ಸಿಗರೇಟಿಗೆ ಅಂತ ಕಡಿಮೆ ಸುಂಕದ ಹೊಸ ವರ್ಗ ಮಾಡಿದರು. ಕಂಪನಿಗಳು 64 ಮಿ.ಮೀ. ಸಿಗರೇಟು ತಂದವು. ಜಿಎಸ್‌ಟಿ ಬಂದ ಮೇಲೂ ಆ ಸಾಲು ಹಾಗೇ ಉಳೀತು. 2017ರ ಜುಲೈನಲ್ಲಿ ನಿಂತ ಪರಿಹಾರ ಸೆಸ್ಸು ನೋಡಿ: ಫಿಲ್ಟರ್ ಸಿಗರೇಟು 65 ಮಿ.ಮೀ. ಒಳಗಿದ್ದರೆ ಸಾವಿರಕ್ಕೆ 2,076 ರೂಪಾಯಿ, 70ರ ಒಳಗಿದ್ದರೆ 2,747, 75ರ ಒಳಗಿದ್ದರೆ 3,668. ಮೂರಕ್ಕೂ ಬೆಲೆಯ ಶೇ 5 ಬೇರೆ. ಒಂದೇ ವಿಷಕ್ಕೆ ಮೂರು ದರ. ಗಿಡ್ಡದ್ದು ಅಗ್ಗ ಮಾಡಿಕೊಟ್ಟು, ಜನ ಗಿಡ್ಡದ್ದಕ್ಕೆ ಹೋದರು ಅಂತ ತೆರಿಗೆ ತತ್ವವನ್ನೇ ಬೈದರೆ ಹೇಗೆ?

ಅಂಗಡಿಯವರು: ಸರಿ, ಉದ್ದದ ಲೆಕ್ಕ ಒಪ್ಪಿದೆ. ಆದರೆ ನಿಮ್ಮ ಲೆಕ್ಕವೆಲ್ಲ ಸಾವಿರದ್ದು, ಇಲ್ಲ ಪ್ಯಾಕಿಂದು. ನಮ್ಮಲ್ಲಿ ಹೋಗೋದು ಒಂದು, ಎರಡು. ಪ್ಯಾಕಿನ ಬೆಲೆಯನ್ನ ಹತ್ತರಿಂದ ಭಾಗಿಸಿ ಒಂಬತ್ತೂವರೆ ಬಂತು ಅಂತಿಟ್ಟುಕೊಳ್ಳಿ, ಅದು ಗಲ್ಲಾದ ಮುಂದೆ ಹತ್ತು ರೂಪಾಯಿ. ತೆರಿಗೆ ಅರ್ಧ ರೂಪಾಯಿ ಏರಿದರೆ ಬಿಡಿ ಸಿಗರೇಟು ಒಂದು ರೂಪಾಯಿ ಏರುತ್ತೆ, ಕೆಲವು ಸಲ ಎರಡು. ಪ್ಯಾಕು ಕೊಳ್ಳೋ ಯಜಮಾನನಿಗೆ ಅಚ್ಚಾದ ಬೆಲೆ, ಕೂಲಿಗೆ ಅದಕ್ಕಿಂತ ಮೇಲಿನ ಬೆಲೆ. ಹೀಗೆ ಮಾರಬಾರದು ಅಂತ ನನಗೂ ಗೊತ್ತು. ನಮ್ಮ ಲಾಭದ ಕಟ್ಟು ಸಣ್ಣದು. ತೆರಿಗೆ ಏರಿದಾಗ ಅಷ್ಟೇ ಸರಕಿಗೆ ಹೆಚ್ಚು ಬಂಡವಾಳ ಹಾಕಬೇಕು, ಬಾಕಿ ಪುಸ್ತಕವೂ ದಪ್ಪ ಆಗುತ್ತೆ.

ಉಪನ್ಯಾಸಕಿ: ಫೋನ್‌ಪೇ ಬಂದ ಮೇಲೆ ಚಿಲ್ಲರೆ ಇಲ್ಲ ಅನ್ನೋ ನೆಪ ಹೋಯಿತಲ್ಲ.

ಅಂಗಡಿಯವರು: ಬಟವಾಡೆವರೆಗೆ ಬಾಕಿ ಬರೆಸೋನಿಗೆ ಫೋನ್‌ಪೇ ಎಲ್ಲಿಂದ ಬರಬೇಕು?

ಈ ಬಿಡಿ ಮಾರಾಟ ಸಣ್ಣ ಸಂಗತಿಯಲ್ಲ, ಬೆಲೆಯ ಭೇದ ಹುಟ್ಟುವ ಜಾಗವೇ ಅದು. ಒಂಟಿ ಸಿಗರೇಟಿಗೆ ಎಂಆರ್‌ಪಿ ಎಂಬುದಿಲ್ಲ. ಪ್ಯಾಕಿನ ಶೇ 85ರಷ್ಟು ಜಾಗ ತುಂಬುವ ಎಚ್ಚರಿಕೆಯ ಚಿತ್ರವೂ ಅದರ ಮೇಲಿಲ್ಲ. ಆ ಚಿತ್ರದ ನಿಯಮವನ್ನು ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ರದ್ದು ಮಾಡಿ, ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಆ ತೀರ್ಪಿಗೆ ತಡೆ ಕೊಟ್ಟು, ದೇಶವೆಲ್ಲ ಚರ್ಚೆಯಾಯಿತು. ಬಿಡಿಯಾಗಿ ಕೊಳ್ಳುವವನಿಗೆ ಆ ಮೊಕದ್ದಮೆಯಿಂದ ಆದದ್ದು ಏನೂ ಇಲ್ಲ. ರಾಜ್ಯ ಸರ್ಕಾರ 2017ರಲ್ಲೇ ಬಿಡಿ ಮಾರಾಟ ನಿಷೇಧಿಸಿ ಆದೇಶ ಹೊರಡಿಸಿತ್ತು. 2025ರ ಮೇನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು, ಹುಕ್ಕಾ ಬಾರ್‌ಗಳನ್ನು ಮುಚ್ಚಿಸಿತು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಇದ್ದ 200 ರೂಪಾಯಿ ದಂಡವನ್ನು 1,000 ಮಾಡಿತು. ಕಾಯ್ದೆ ಚೆನ್ನಾಗಿಯೇ ಇದೆ. ಹಳ್ಳಿಯ ಗಲ್ಲಾದವರೆಗೆ ಅದನ್ನು ಹೊತ್ತು ತರುವವರು ಯಾರೆಂಬುದಷ್ಟೇ ಪ್ರಶ್ನೆ. ಒಂದು ವೇಳೆ ಕಟ್ಟುನಿಟ್ಟಾಗಿ ಜಾರಿಯಾದರೂ, ಪ್ಯಾಕು ಕೊಳ್ಳಲು ಆಗದವನ ಕೈಗೆ ಪಕ್ಕದಲ್ಲೇ ಬೀಡಿಯ ಕಟ್ಟು ಸಿಗುತ್ತದೆ, ಪ್ಯಾಕಿನ ಬೆಲೆಯ ಸಣ್ಣದೊಂದು ಪಾಲಿಗೆ.

ಉಪನ್ಯಾಸಕಿ: ಬೆಲೆ ಏರಿತು ಏರಿತು ಅಂತೀರಲ್ಲ, ಕೂಲಿ ಪಕ್ಕ ಇಟ್ಟು ನೋಡಿ. ಆ ಮಧ್ಯದ ಅಳತೆ ಸಿಗರೇಟಿನ ಸಾವಿರಕ್ಕೆ 2,747 ಅನ್ನೋ ಸೆಸ್ಸು 2017ರ ಜುಲೈಯಿಂದ 2026ರ ಜನವರಿವರೆಗೆ ಒಂದು ಪೈಸೆ ಅಲ್ಲಾಡಲಿಲ್ಲ. ನಡುವೆ 2020 ಮತ್ತು 2023ರಲ್ಲಿ ಇನ್ನೊಂದು ಸಣ್ಣ ಸುಂಕ ಮಾತ್ರ ಏರಿತು. ಅದೇ ಹೊತ್ತಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 236 ರೂಪಾಯಿಯಿಂದ 370ಕ್ಕೆ ಬಂತು. 2017ರಲ್ಲಿ ಒಂದು ದಿನದ ಕೂಲಿ 86 ಸಿಗರೇಟಿನ ಸೆಸ್ಸಿಗೆ ಸಮ, 2025ರಲ್ಲಿ 135ಕ್ಕೆ. ಅಂದರೆ ಎಂಟು ವರ್ಷ ಸೆಸ್ಸು ಏರಲಿಲ್ಲ, ಕೂಲಿಯ ಲೆಕ್ಕದಲ್ಲಿ ಕರಗಿತು. ಈ ಕಾಲದಲ್ಲಿ ಜನ ಬಿಡಲಿಲ್ಲ ಅನ್ನೋದನ್ನ ತೆರಿಗೆ ಸೋತಿದ್ದಕ್ಕೆ ಸಾಕ್ಷಿ ಮಾಡಬೇಡಿ. ಅಲ್ಲಿ ಪರೀಕ್ಷೆಯೇ ನಡೀಲಿಲ್ಲ.

ಅಂಗಡಿಯವರು: ಈಗ ನಡೀತಲ್ಲ. 2026ರ ಫೆಬ್ರುವರಿ 1ರಿಂದ ಸೆಸ್ಸು ತೆಗೆದು ಜಿಎಸ್‌ಟಿಯನ್ನ 28ರಿಂದ 40 ಮಾಡಿದರು, ಮೇಲೆ ಸಾವಿರಕ್ಕೆ 2,050ರಿಂದ 8,500 ರೂಪಾಯಿವರೆಗೆ ಅಬಕಾರಿ ಸುಂಕ. ಸಂತೋಷವಾಯ್ತಾ?

ಉಪನ್ಯಾಸಕಿ: ಅರ್ಧ ಸಂತೋಷ. ಅದೇ ದಿನದಿಂದ ಬೀಡಿಯ ಜಿಎಸ್‌ಟಿಯನ್ನ 28ರಿಂದ 18ಕ್ಕೆ ಇಳಿಸಿದರು. ಅದಕ್ಕೂ ಮೊದಲೇ, 2025ರ ಸೆಪ್ಟೆಂಬರಿನಲ್ಲಿ, ಬೀಡಿ ಸುತ್ತೋ ಎಲೆಗೆ ಇದ್ದ 18ನ್ನ 5 ಮಾಡಿದ್ದರು. ಪರಿಹಾರ ಸೆಸ್ಸು ಬೀಡಿಗೆ ಯಾವತ್ತೂ ಇರಲಿಲ್ಲ. ಸಿಗರೇಟು ದುಬಾರಿ, ಬೀಡಿ ಅಗ್ಗ, ಎರಡೂ ಒಂದೇ ತಾರೀಕಿಗೆ! ನೀವು ಹೇಳಿದ ಇಳಿಜಾರನ್ನ ಸರ್ಕಾರವೇ ಇನ್ನೂ ಕಡಿದು ಮಾಡಿಕೊಟ್ಟಿತು. 2016–17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ದೇಶದಲ್ಲಿ ಬೀಡಿ ಸೇದೋರು ಶೇ 7.7, ಸಿಗರೇಟು ಸೇದೋರು ಶೇ 4. ಹೆಚ್ಚು ಜನ ಸೇದೋದನ್ನ ಅಗ್ಗ ಮಾಡಿ, ಕಡಿಮೆ ಜನ ಸೇದೋದನ್ನ ದುಬಾರಿ ಮಾಡಿ, ಆರೋಗ್ಯದ ಹೆಸರು ಹೇಳೋದು ಯಾವ ನ್ಯಾಯ?

ಇಲ್ಲಿ ಉಪನ್ಯಾಸಕಿ ಬಿಟ್ಟ ಒಂದು ಮಾತು ಸೇರಿಸಬೇಕು. ಅದೇ ಸಮೀಕ್ಷೆಯ ಕರ್ನಾಟಕದ ಅಂಕಿಗಳಲ್ಲಿ ಸೇದುವವರು ಶೇ 8.8, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 16.3. ನಮ್ಮ ರಾಜ್ಯದ ತಂಬಾಕಿನ ಸಮಸ್ಯೆ ಮೊದಲು ಬಾಯಿಯದು, ಆಮೇಲೆ ಹೊಗೆಯದು. ಹೆಂಗಸರಲ್ಲಿ ಸೇದುವವರು ಇಲ್ಲವೆನ್ನುವಷ್ಟು ಕಡಿಮೆ; ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು ಬೇಕಾದಷ್ಟು. ಕಾಫಿ ಹಣ್ಣು ಬಿಡಿಸುವ ಹೆಂಗಸಿನ ಎಲೆ ಚೀಲದಲ್ಲಿರುವ ಹೊಗೆಸೊಪ್ಪಿಗೆ ಬ್ರ್ಯಾಂಡಿಲ್ಲ, ಉದ್ದದ ವರ್ಗವಿಲ್ಲ. ಹಸಿ ಎಲೆಯ ಮೇಲೆ ಶೇ 5ರ ಜಿಎಸ್‌ಟಿ ಇದೆಯಾದರೂ ಸಂತೆಯಲ್ಲಿ ಕೈಯಳತೆಯಲ್ಲಿ ಮಾರುವ ಸೊಪ್ಪಿಗೆ ರಸೀದಿ ಹರಿಯುವವರು ಯಾರು? ಪೊಟ್ಟಣದ ಗುಟ್ಕಾಕ್ಕೆ ಕರ್ನಾಟಕ 2013ರ ಮೇ ಕೊನೆಯಲ್ಲಿ ನಿಷೇಧ ಹಾಕಿತು. ಪಾನ್ ಮಸಾಲೆಯ ಒಂದು ಪೊಟ್ಟಣ, ತಂಬಾಕಿನ ಇನ್ನೊಂದು ಪೊಟ್ಟಣ ಎಂದು ಜೋಡಿಯಾಗಿ ಅದು ಮರಳಿ ಬಂತು. ಸಿಗರೇಟಿನ ಬೆಲೆಯ ಬಗ್ಗೆ ನಾವು ಆಡುವ ಮಾತೆಲ್ಲ ಹೆಚ್ಚಾಗಿ ಗಂಡಸರ, ಅದರಲ್ಲೂ ಕಾಸಿರುವ ಗಂಡಸರ ಬೆಲೆಯ ಮಾತು.

ಅಂಗಡಿಯವರು: ಹಾಗಾದರೆ ಬೀಡಿಗೂ ಹೊಗೆಸೊಪ್ಪಿಗೂ ಹಾಕಿ ಅಂತೀರಾ? ಕೂಲಿಯೋನ ಕೈಲಿ ಉಳಿದಿರೋ ಒಂದೇ ಸಮಾಧಾನ ಅದು. ಅದನ್ನೂ ಕಿತ್ತುಕೊಂಡು ಅವನ ಒಳ್ಳೇದಕ್ಕೇ ಮಾಡಿದೆವು ಅನ್ನೋದು ಸುಲಭ.

ಉಪನ್ಯಾಸಕಿ: ಭಾವನೆಗೆ ಅಂಕಿಯಲ್ಲಿ ಉತ್ತರ ಕೊಡ್ತೀನಿ, ಬೇಜಾರಾಗಬೇಡಿ. ರಿಜೋ ಜಾನ್ ಅನ್ನೋ ಅರ್ಥಶಾಸ್ತ್ರಜ್ಞರು ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮನೆಖರ್ಚಿನ ಅಂಕಿ ತಗೊಂಡು 2008ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಬೀಡಿಯ ಬೆಲೆ ಶೇ 10 ಏರಿದರೆ ಬಳಕೆ ಸುಮಾರು ಶೇ 9 ಇಳಿಯುತ್ತೆ. ಎಲೆ ತಂಬಾಕಿಗೂ ಹೆಚ್ಚೂ ಕಡಿಮೆ ಅಷ್ಟೇ. ಸಿಗರೇಟಿಗೆ ಅದು ಶೇ 2–3ರ ಆಚೀಚೆ. ಬೆಲೆಗೆ ಜಗ್ಗೋರು ಬಡವರು, ಜಗ್ಗದೇ ಇರೋರು ಕಾಸಿರೋರು. ಈಗ ಗುಣಿಸಿ ನೋಡಿ: ಬೆಲೆ ಶೇ 10 ಜಾಸ್ತಿ, ಬಳಕೆ ಶೇ 9 ಕಮ್ಮಿ ಅಂದರೆ ಬೀಡಿಗೆ ಆಗೋ ಒಟ್ಟು ಖರ್ಚು ಇದ್ದಷ್ಟೇ ಇರುತ್ತೆ. ಕಾಸು ಅಷ್ಟೇ ಹೋಯಿತು, ಹೊಗೆ ಕಮ್ಮಿ ಒಳಗೆ ಹೋಯಿತು. ಬಡವರ ಮೇಲೆ ಹೊರೆ ಅಂತ ಬೀಡಿಗೆ ತೆರಿಗೆ ಬೇಡ ಅನ್ನೋರು ಈ ಲೆಕ್ಕಕ್ಕೆ ಉತ್ತರ ಕೊಡಲಿ.

ಅಂಗಡಿಯವರು: ನಾನೇ ಕೊಡ್ತೀನಿ. ನೀವು ಹೇಳಿದ್ದು ಊರಿಗೆಲ್ಲ ಸೇರಿಸಿ ಹಾಕಿದ ಸರಾಸರಿ. ಒಂದಿಷ್ಟು ಜನ ಬಿಟ್ಟರು, ಉಳಿದೋರು ಬಿಡಲಿಲ್ಲ ಅಂದರೂ ಆ ಸರಾಸರಿ ಬರುತ್ತೆ. ಬಿಡದೇ ಇರೋನ ಮನೆಯಲ್ಲಿ ಹಾಲು ನಿಲ್ಲುತ್ತೆ. ಹೆಂಡತಿ, ಮಕ್ಕಳು ಏನು ತಪ್ಪು ಮಾಡಿದರು? ಚಟದೋನು ತನ್ನ ಹೊಟ್ಟೆ ಕಟ್ಟೋದಕ್ಕಿಂತ ಮುಂಚೆ ಮನೆಯೋರ ಹೊಟ್ಟೆ ಕಟ್ಟುತ್ತಾನೆ.

ಉಪನ್ಯಾಸಕಿ: ಆ ಮಾತು ನಿಜ, ಅದೇ ವಿದ್ವಾಂಸರ ಇನ್ನೊಂದು ಅಧ್ಯಯನವೂ ಅದನ್ನೇ ಹೇಳುತ್ತೆ. ತಂಬಾಕಿಗೆ ಖರ್ಚು ಮಾಡೋ ಮನೆಯಲ್ಲಿ ಹಾಲು, ಓದು ಇಂಥದ್ದಕ್ಕೆ ಖರ್ಚು ಕಮ್ಮಿ. ಆದರೆ ಬೀಡಿ ಅಗ್ಗವಾಗಿದ್ದ ಕಾಲದಲ್ಲೂ ಆ ಮನೆಯಲ್ಲಿ ಹಾಲು ಕಮ್ಮಿಯೇ ಇತ್ತು. ಕಾಯಿಲೆ ಬಂದ ಮೇಲಂತೂ ಹಾಸನದ ಆಸ್ಪತ್ರೆ, ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಬಸ್ಸಿನ ಖರ್ಚು, ತಪ್ಪಿದ ಕೂಲಿ. ದೇಶದಲ್ಲಿ ತಂಬಾಕಿನಿಂದ ವರ್ಷಕ್ಕೆ ಸಾಯೋರು ಸುಮಾರು 13.5 ಲಕ್ಷ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2017–18ರಲ್ಲಿ ಅದರಿಂದಾದ ಒಟ್ಟು ನಷ್ಟ 1.77 ಲಕ್ಷ ಕೋಟಿ ರೂಪಾಯಿ ಅಂತ ಲೆಕ್ಕ ಹಾಕಿದ್ದಾರೆ. ಆ ಹೊರೆಗೆ ಎಂಆರ್‌ಪಿ ಇಲ್ಲ ಅಂತ ಅದನ್ನ ಬೆಲೆಯಲ್ಲಿ ಸೇರಿಸದೇ ಇರೋಕಾಗುತ್ತಾ?

ಅಂಗಡಿಯವರು: ಹೋಗಲಿ, ವಸೂಲಿ ಮಾಡಿದ್ದು ಎಲ್ಲಿಗೆ ಹೋಯಿತು? ಪರಿಹಾರ ಸೆಸ್ಸು ಅಂದರು. ರಾಜ್ಯಗಳಿಗೆ ಜಿಎಸ್‌ಟಿಯಿಂದಾದ ನಷ್ಟ ತುಂಬಿಕೊಡೋಕೆ ಅಂದರು. ಕೊನೆಗೆ ಕೋವಿಡ್ ಕಾಲದಲ್ಲಿ ಅದೇ ಲೆಕ್ಕಕ್ಕೆ ತಂದ ಸಾಲ ತೀರಿಸೋಕೆ ವರ್ಷಗಟ್ಟಲೆ ಮುಂದುವರಿಸಿದರು. ಸೇದೋನ ಶ್ವಾಸಕೋಶದ ಹೆಸರಲ್ಲಿ ತಗೊಂಡ ದುಡ್ಡು ಸೇದೋನ ಆಸ್ಪತ್ರೆಗೆ ಅಂತ ಒಂದು ಕಾಸೂ ಬರೆದಿಡಲಿಲ್ಲ. ಬೀಡಿ ಬಿಡಬೇಕು ಅನ್ನೋನಿಗೆ ಸಲಹೆ ಕೊಡೋರು, ಔಷಧಿ ಕೊಡೋರು ನಮ್ಮ ಹಳ್ಳಿ ದಾರಿಯಲ್ಲಿ ಎಲ್ಲಿದ್ದಾರೆ ತೋರಿಸಿ. ಬೆಲೆ ಮಾತ್ರ ಮನೆ ಬಾಗಿಲಿಗೆ ಬರುತ್ತೆ.

ಈ ಏಟು ಬೀಳಬೇಕಾದಲ್ಲೇ ಬಿದ್ದಿದೆ. ಫಿಲಿಪ್ಪೀನ್ಸ್ 2012ರಲ್ಲಿ ಮಾಡಿದ ಕಾಯ್ದೆ ಅಗ್ಗದ್ದು, ದುಬಾರಿಯದು ಎಂದು ಸಿಗರೇಟಿಗಿದ್ದ ಬೇರೆ ಬೇರೆ ದರಗಳನ್ನು 2017ರ ಹೊತ್ತಿಗೆ ಒಂದಕ್ಕೆ ತಂದಿತು. ಬಂದ ಹೆಚ್ಚುವರಿ ಹಣದ ದೊಡ್ಡ ಪಾಲನ್ನು ಬಡವರ ಆರೋಗ್ಯ ವಿಮೆಗೆ ಕೊಡಬೇಕೆಂದು ಕಾಯ್ದೆಯಲ್ಲೇ ಬರೆಯಿತು. ಸೇದುವವರ ಪ್ರಮಾಣವೂ ಇಳಿಯಿತು. ನಮ್ಮಲ್ಲಿ ದರಗಳು ಒಂದಾಗಿಲ್ಲ, ಹಣದ ದಾರಿಯೂ ಬರೆದಿಲ್ಲ. ತೆರಿಗೆ ಏರಿಸಿದರೆ ಕಳ್ಳಮಾಲು ತುಂಬುತ್ತದೆಂದು ಕಂಪನಿಗಳು ಹೇಳುವ ವಾದಕ್ಕೆ ಮಾತ್ರ ನಾನು ಹೆಚ್ಚು ಜಾಗ ಕೊಡಲಾರೆ. ಉದ್ಯಮದ ಕಡೆಯವರು ನಾಲ್ಕರಲ್ಲೊಂದು ಸಿಗರೇಟು ಕಳ್ಳದ್ದೆನ್ನುತ್ತಾರೆ. ಭಾರತದ ನಗರಗಳ ಅಂಗಡಿಗಳಿಂದ ಖಾಲಿ ಪ್ಯಾಕು ಸಂಗ್ರಹಿಸಿ ನೋಡಿದ ಸ್ವತಂತ್ರ ಅಧ್ಯಯನವೊಂದಕ್ಕೆ ಕಂಡದ್ದು ಶೇ 3ಕ್ಕಿಂತ ಕಡಿಮೆ.

ಅಂಗಡಿಯವರು: ಬೆಳೆಯೋನ ಮಾತು ಬರಲೇ ಇಲ್ಲ. ನಮ್ಮ ಹಾಸನ ಜಿಲ್ಲೆಯದೇ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆ ಇದೆ. ಸೊಪ್ಪು ಹದ ಮಾಡೋ ಬ್ಯಾರನ್ ಕಟ್ಟಿ ಸಾಲ ಮಾಡಿದೋನು ಏನು ಮಾಡಬೇಕು?

ಉಪನ್ಯಾಸಕಿ: ಮೈಸೂರು, ಹಾಸನದ ಆ ಸೊಪ್ಪಿನಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತೆ. ಹರಾಜಿನ ದರ ನಿರ್ಧಾರ ಆಗೋದು ಜಗತ್ತಿನ ಬೇಡಿಕೆಯಿಂದ, ಗೆಂಡೆಹಳ್ಳಿಯಲ್ಲಿ ಬಿಡಿ ಸಿಗರೇಟು ಎಷ್ಟಕ್ಕೆ ಹೋಯಿತು ಅನ್ನೋದರಿಂದಲ್ಲ. ಬೆಳೆಗಾರನನ್ನ ಮುಂದೆ ನಿಲ್ಲಿಸಿ ಹಿಂದೆ ಕಂಪನಿ ನಿಲ್ಲೋದು ಹಳೇ ಕಥೆ. ಬೀಡಿ ಸುತ್ತೋ ಹೆಣ್ಣುಮಕ್ಕಳ ವಿಷಯ ಬೇರೆ, ಅಲ್ಲಿ ನನ್ನ ಹತ್ತಿರ ಸಿದ್ಧ ಉತ್ತರ ಇಲ್ಲ.

ಅಂಗಡಿಯವರು: ಅದನ್ನ ಬಿಡಿಸಿ ಹೇಳಿ, ಜಾರಿಸಬೇಡಿ.

ಉಪನ್ಯಾಸಕಿ: ಜಾರಿಸಲ್ಲ. ದಕ್ಷಿಣ ಕನ್ನಡದಲ್ಲಿ, ತುಮಕೂರಿನಲ್ಲಿ ಮನೆಯಲ್ಲೇ ಕೂತು ಸಾವಿರಕ್ಕಿಷ್ಟು ಅಂತ ಸುತ್ತೋ ಹೆಂಗಸರಿಗೆ ಬೀಡಿ ಮಾರಾಟ ಕುಸಿದರೆ ಆ ವಾರವೇ ಎಲೆ, ತಂಬಾಕು ಬರೋದು ಕಮ್ಮಿಯಾಗುತ್ತೆ. ದೇಶದಲ್ಲಿ ಇಂಥ ನೋಂದಾಯಿತ ಕಾರ್ಮಿಕರು ಸುಮಾರು 50 ಲಕ್ಷ. ಬೀಡಿಗೆ ದರ ಇಳಿಸಿದ್ದು ಇವರಿಗೋಸ್ಕರ ಅಂತ ಹೇಳೋದುಂಟು. ಸಾವಿರ ಬೀಡಿಯ ಮಜೂರಿ ಜಿಎಸ್‌ಟಿ ದರದ ಜೊತೆ ತಾನಾಗಿ ಏರೋದಿಲ್ಲ. ಮಿಕ್ಕ ಶೇ 10 ಯಾರ ಕೈಲಿ ಉಳೀತು ಅಂತ ಕೇಳಬೇಕು. ಆದರೂ ನಾಳೆ ನನ್ನ ಮಾತಿನ ಹಾಗೆ ಬೀಡಿಗೆ ಸಿಗರೇಟಿನಷ್ಟೇ ಸುಂಕ ಬಿದ್ದರೆ ಆ ಹೆಂಗಸರಿಗೆ ಬೇರೆ ಕೆಲಸ ಎಲ್ಲಿ ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಅಂಗಡಿಯವರು: ಉತ್ತರ ಸಿಗೋವರೆಗೂ ಬೀಡಿ ಮುಟ್ಟಬೇಡಿ ಅನ್ನೋದು ನನ್ನ ವಾದ.

ಉಪನ್ಯಾಸಕಿ: ಉತ್ತರ ಸಿಗೋವರೆಗೂ ಸಾಯೋರ ಲೆಕ್ಕ ನಿಲ್ಲಲ್ಲ ಅನ್ನೋದು ನನ್ನದು.

ಇಬ್ಬರೂ ಜಾಗ ಬಿಟ್ಟು ಅಲ್ಲಾಡಲಿಲ್ಲ. ನನ್ನ ಒಲವು ಉಪನ್ಯಾಸಕಿಯ ಕಡೆಗೆ: ಎಲ್ಲ ಬಗೆಯ ತಂಬಾಕಿನ ಬೆಲೆಯೂ ಒಟ್ಟಿಗೆ, ಕೂಲಿ ಏರುವ ವೇಗಕ್ಕಿಂತ ಚುರುಕಾಗಿ ಏರದಿದ್ದರೆ, ಒಂದರ ಮೇಲೆ ಹಾಕಿದ ತೆರಿಗೆ ಇನ್ನೊಂದಕ್ಕೆ ಗಿರಾಕಿ ಕಳಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಆದರೆ ಹಣ ಎಲ್ಲಿಗೆ ಹೋಗುತ್ತದೆಂದು ಮೊದಲು ಬರೆದುಕೊಡಿ ಎಂಬ ಅಂಗಡಿಯವರ ಷರತ್ತು ಇಲ್ಲದೆ ಆ ವಾದಕ್ಕೆ ನೈತಿಕ ಬಲವಿಲ್ಲ. ಹಾಗೆ ಬರೆದುಕೊಟ್ಟ ಒಂದು ಕಾಯ್ದೆ ನಮ್ಮಲ್ಲೂ ಇತ್ತು. 1976ರ ಆ ಕಾಯ್ದೆ ಬೀಡಿಯ ಮೇಲೆ ಸೆಸ್ಸು ಹಾಕಿ, ಬಂದದ್ದನ್ನು ಬೀಡಿ ಕಾರ್ಮಿಕರ ಆಸ್ಪತ್ರೆ, ಮನೆ, ಮಕ್ಕಳ ವಿದ್ಯಾರ್ಥಿವೇತನಕ್ಕೆಂದು ಕಲ್ಯಾಣ ನಿಧಿಗೆ ಕೊಡುತ್ತಿತ್ತು. ದರ ಕೊನೆಗೆ ಸಾವಿರ ಬೀಡಿಗೆ 5 ರೂಪಾಯಿ ಇತ್ತು. ಜಿಎಸ್‌ಟಿ ಬಂದ 2017ರ ಜುಲೈ 1ರಿಂದ ಆ ಸೆಸ್ಸನ್ನು ರದ್ದು ಮಾಡಲಾಯಿತು.